ಅಕ್ಕಂದಿರಿಗೆ ವೀಸಾ ಇಲ್ಲ

ಸ್ಯಾಂಟಿಯಾಗೊ, ಚಿಲಿ

ಪ್ರೀತಿಯ ಇಮಾಕುಲಾ ಅಕ್ಕ,

ಲೂಡ್ಮಿಯಾಗೆ ವೀಸಾ ಬಂತು. ಹಾಲು ಬಿಡಿಸಿ ಅವಳನ್ನು ನಿನ್ನ ಮಡಿಲಲ್ಲಿಟ್ಟು ಹೈಟಿಯಿಂದ ಹೊರಟಿದ್ದೆ. ಈಗ ಮಗಳು ನನ್ನ ಬಳಿಗೆ ಬರಬಹುದಂತೆ. ನಿನಗೂ ವೀಸಾ ಕೇಳಿದೆ. "ಸಾಕಿದವಳು ನಮ್ಮಕ್ಕ, ಮೇಡಂ," ಎಂದೆ. ಕಚೇರಿಯ ಹೆಂಗಸು ಒಳ್ಳೆಯವಳೇ. "ಗಂಡ, ಮಕ್ಕಳು, ಹೆತ್ತವರು, ಅಷ್ಟೇ ಕಣಮ್ಮ. ಅಕ್ಕಂದಿರಿಗೆ ಬರಲ್ಲ," ಎಂದಳು.

ನಿನ್ನೆ ನೀನು ಸಂತೆಗೆ ಹೋಗಿದ್ದಾಗ ಲೂಡ್ಮಿಯಾ ಫೋನಿನಲ್ಲಿ ಕೇಳಿದಳು: "ಅಮ್ಮನೂ ಬರ್ತಾಳೆ ತಾನೆ?"

"ನಾನೇ ಅಲ್ವೇನೇ ನಿಮ್ಮಮ್ಮ?"

"ನೀನು ಫೋನಮ್ಮ. ನಾನು ಕೇಳಿದ್ದು ನಮ್ಮಮ್ಮನ್ನ."

ನಕ್ಕೆ. ಆಮೇಲೆ ಅಡುಗೆ ಮಾಡಲಾಗಲಿಲ್ಲ.

ಅಲ್ಲೇ ಇರಲಿ ಎನ್ನೋಣವೆಂದರೆ ನಮ್ಮ ಬೀದಿಯಲ್ಲಿ ಗುಂಡಿನ ಸದ್ದು ನಿಂತಿಲ್ಲ. ಕಳಿಸಿಬಿಡು ಅಕ್ಕ. ಇಲ್ಲಿ ಚಳಿ, ಉಣ್ಣೆಯ ಟೋಪಿ ಹಾಕು. ಜಡೆಗಳನ್ನು ಬಿಗಿಯಾಗಿ ಹೆಣೆ. ನನ್ನ ಕೈಗೆ ತಲೆ ಕೊಡಲು ಅವಳಿಗೆ ಸ್ವಲ್ಪ ಕಾಲ ಬೇಕಾದೀತು.

ವಿಮಾನ ನಿಲ್ದಾಣದಲ್ಲಿ ಅತ್ತರೆ, ಇದೆಲ್ಲ ನನ್ನ ಹಟ, ನೀನು ಬೇಡವೆಂದರೂ ನಾನು ಕೇಳಲಿಲ್ಲ ಎಂದು ಹೇಳು. ಅವಳು ನನ್ನನ್ನೇ ಬೈದುಕೊಳ್ಳಲಿ. ನೀನು ಕೈಬಿಟ್ಟೆ ಎಂದು ಮಾತ್ರ ಅವಳಿಗೆ ಅನ್ನಿಸಬಾರದು.

ನಿನ್ನ ತಂಗಿ,
ರೋಸ್‌ಲೆನ್