ಧೂಳೆಂದು ಒರೆಸಿದ ಬಣ್ಣ

ಚಿತ್ರಗಾರ್ತಿ ಸೊಸೆಗೆ, ನಾಲ್ಕೂರ ಗೋಡೆಗಳಿಗೆ ಬಣ್ಣ ಬಳಿದ ಸೋದರಮಾವನ ಆಶೀರ್ವಾದ.

ನೀನು ಒಳಗೆ ಕಾಲಿಡುವ ಮುಂಚೆ ಓದಲೆಂದು ಈ ಪತ್ರವನ್ನು ಬಾಗಿಲಿಗೇ ಸಿಕ್ಕಿಸಿದ್ದೇನೆ. ಬಾಗಿಲಿಗೆ ಬಣ್ಣ ಹೊಡೆದಾಯಿತು, ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು.

ಆಮೇಲೆ ಒಳಗೆ ನೀನು ಬರೆಯುತ್ತಿರುವ ನಿನ್ನ ಅಮ್ಮನ ಚಿತ್ರ ನೋಡಿದೆ. ಮೇಲೆಲ್ಲ ಪುಡಿ ಕೂತಿತ್ತು. ಎರಡನೇ ಸಲ ಬಳಿಯುವ ಮುಂಚೆ ಧೂಳು ಒರೆಸದವನು ಪೇಂಟರೇ ಅಲ್ಲ. ಒಣಬಟ್ಟೆ ತಗೊಂಡು ಒರೆಸಿಬಿಟ್ಟೆ. ಬಟ್ಟೆ ಗುಲಾಬಿಯಾಯಿತು. "ನೀರುಬಣ್ಣ ಒಣಗಿದ್ಮೇಲೆ ಪ್ಯಾಸ್ಟೆಲ್ ಉಜ್ಜೋದು ಮಾವ, ಸೀಮೆಸುಣ್ಣದ ಥರ ಪುಡಿ ಉದುರುತ್ತೆ" ಅಂತ ನೀನು ಹೇಳಿದ್ದು ಆಗ ನೆನಪಾಯಿತು.

ಗಾಬರಿಯಾಗಬೇಡ. ಕೆಳಗಿನ ನೀರುಬಣ್ಣ ಅಲುಗಿಲ್ಲ. ಸೀರೆ, ಕೂದಲು ಮಂಕಾಗಿವೆ. ಎಡಗೆನ್ನೆಯಲ್ಲಿ ಮಾತ್ರ ನನ್ನ ಹೆಬ್ಬೆರಳು ಸವರಿದ ಕಡೆ ಗುಲಾಬಿ ಪುಡಿ ಕಾಗದದೊಳಕ್ಕೆ ಇಳಿದು ಕೂತಿದೆ. ನನ್ನ ತಂಗಿ ನಗು ತಡೆದುಕೊಂಡಾಗ ಕೆನ್ನೆ ಹೀಗೇ ಕೆಂಪಾಗುತ್ತಿತ್ತು. "ಎಷ್ಟು ಬರೆದ್ರೂ ಅಮ್ಮನ ಕೆನ್ನೆ ಬರ್ತಿಲ್ಲ" ಅಂತ ಒದ್ದಾಡುತ್ತಿದ್ದೆಯಲ್ಲ, ಹೋಗಿ ನೋಡು. ಜಂಬ ಕೊಚ್ಚಿಕೊಳ್ಳುತ್ತಿಲ್ಲ, ಆದರೆ ಅದು ಬೇರೆ ಯಾರ ಕೈಗುಣವೂ ಅಲ್ಲ.

ಬೈಯುವುದಿದ್ದರೆ ಬೈದುಬಿಡು. ಸೀರೆಗೂ ಕೂದಲಿಗೂ ಮತ್ತೆ ಪ್ಯಾಸ್ಟೆಲ್ ಹಚ್ಚು. ಆ ಕೆನ್ನೆಯೊಂದನ್ನು ಹಾಗೇ ಬಿಡು ತಾಯಿ.

ನಿನ್ನಮ್ಮ ಇದ್ದಾಗ ನಾನು ಯಾವುದಕ್ಕೆ ಕೈ ಹಾಕಿದರೂ "ಅಣ್ಣಾ, ಕೈ ತೊಳ್ಕೊಂಡು ಮುಟ್ಟೋ" ಅನ್ನುತ್ತಿದ್ದಳು. ಈ ಸಲ ತೊಳೆದುಕೊಂಡೇ ಮುಟ್ಟಿದ್ದೆ.

ಇಂತಿ,
ಆ ಬಟ್ಟೆಯನ್ನು ಇನ್ನೂ ಒಗೆಯದೆ ಇಟ್ಟುಕೊಂಡಿರುವ
ನಿನ್ನ ಮಾವ