ಅಳತೆಗೆ ತೆಗೆದ ಉಂಗುರ

ರೀ,

ಇವತ್ತು ಮಗಳ ಮದುವೆಯ ಉಂಗುರ ಆರಿಸಲು ಹೋಗಿದ್ದೆವು. ಅಳತೆ ಕೊಡಲು ಅಳಿಯನಾಗುವವನು ಬೆರಳಿನ ಉಂಗುರ ತೆಗೆದ. ನಿಮ್ಮ ಸಂಘದವರು ಸದಸ್ಯರಿಗೆ ತೊಡಿಸುವಂಥದ್ದೇ, ಎಷ್ಟೋ ಸಂಜೆ ನನ್ನನ್ನು ಒಂಟಿಯಾಗಿ ಕೂರಿಸಿದ ಆ ಸಂಘದ್ದು.

"ಮೊನ್ನೆ ಸದಸ್ಯನಾದೆ ಅತ್ತೆ. ಆಗ ಕೊಟ್ಟರು, ಯಾರೋ ಹಿರಿಯ ಸದಸ್ಯರದ್ದಂತೆ. ಹೇಳಿ ಮಾಡಿಸಿದ ಹಾಗಿದೆ," ಎಂದ.

ಉಂಗುರದ ಒಳಗಡೆ ಬೆಸುಗೆಯ ಗೆರೆಯಿತ್ತು. ನಿಮ್ಮ ಬೆರಳು ಊದಿದಾಗ ಅದನ್ನು ಕತ್ತರಿಸಿ ಅಗಲ ಮಾಡಿಸಿದವಳು ನಾನು. ಮಣ್ಣು ಮಾಡುವ ದಿನ ನಿಮಗೆ ತೊಡಿಸಿದವಳೂ ನಾನೇ.

ಅಕ್ಕಸಾಲಿಗ ಅದನ್ನು ತೊಳೆದ. ಬಟ್ಟಲಿನ ತಳದಲ್ಲಿ ಕೆಂಪು ಮಣ್ಣು ನಿಂತಿತು. ಅಳಿಯನಾಗುವವನು ಮತ್ತೆ ತೊಟ್ಟು, ನಿಮ್ಮ ಹಾಗೆಯೇ ಹೆಬ್ಬೆರಳಿನಿಂದ ಅದನ್ನು ತಿರುಗಿಸುತ್ತಾ ನಿಂತ.

"ಮಗಳ ಮದುವೆಗಾದ್ರೂ ಇದ್ದೇ ಇರ್ತೀನಿ ಕಣೇ," ಎಂದಿದ್ದಿರಿ. ಮನೆಗೆ ಬನ್ನಿ ಬನ್ನಿ ಎಂದು ಗೋಗರೆಯುತ್ತಿದ್ದವಳೇ ಹೇಳುತ್ತಿದ್ದೇನೆ.

ಬರಬೇಡಿ.