ಆರಿಸಿದ ಕಡಲೆ

ಬೆಳ್ಳಾರೆ
೧೪-೯-೧೯೬೭

ಚಿ. ಮೂಕಾಂಬಿಕೆಗೆ ಅಪ್ಪನ ಆಶೀರ್ವಾದಗಳು.

ಉತ್ತರ ತಡವಾಯಿತೆಂದು ಬೈಯಬೇಡ ಮಗಳೇ. ದನದ ಆಸ್ಪತ್ರೆಯ ಡಾಕ್ಟರು ವರ್ಗವಾಗಿ ಹೋದ ಮೇಲೆ ಔಷಧ ಕಲಸುವವನೂ ನಾನೇ, ಕೊಡುವವನೂ ನಾನೇ. ಕಂಪೌಂಡರನ ಕೆಲಸಕ್ಕೆ ಸೇರುವಾಗ ಇಷ್ಟು ಗುಡ್ಡೆ ಹತ್ತಬೇಕೆಂದು ಯಾರೂ ಹೇಳಿರಲಿಲ್ಲ. ಸಂಜೆಯಾದರೆ ಮೊಣಕಾಲು ನನ್ನ ಮಾತು ಕೇಳುವುದಿಲ್ಲ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ ಎಂದುಕೋ. ಅಮ್ಮನಿಗೆ ಮಾತ್ರ ಊಟ ಸೇರುವುದಿಲ್ಲ, ಬೇಗ ಸುಸ್ತಾಗುತ್ತದೆ. ಕೇಳಿದರೆ "ಮಳೆಗಾಲ ಅಲ್ವಾ, ಎಲ್ಲರಿಗೂ ಹಾಗೆಯೇ" ಎನ್ನುತ್ತಾಳೆ. ಆದರೂ ಪ್ರತಿ ತಿಂಗಳಿನಂತೆ ನಿನಗೆ ನೆಲಗಡಲೆ ಮಿಠಾಯಿ ಮಾಡಿದ್ದಾಳೆ, ಒಂದೊಂದೇ ಕಾಳು ಆರಿಸಿ. ಈ ಪಾರ್ಸೆಲಿನಲ್ಲಿಯೇ ಇದೆ.

ಇನ್ನು ನಿನ್ನ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯ ದನಗಳು ಮೇವು ಬಿಟ್ಟು ಸೊರಗಿ ಸಾಯುತ್ತಿರುವುದು ನೆಲಗಡಲೆ ಹಿಂಡಿಗೆ ಹಿಡಿದ ಬೂಷ್ಟಿನ ವಿಷದಿಂದ ಇರಬಹುದೆಂದು ನೀನು ಬರೆದೆ. ಮನೆಮನೆಯಿಂದ ಒಂದೊಂದು ತುಂಡು ಹಿಂಡಿ ಕಳಿಸಿ, ಮೈಸೂರಿನ ನಮ್ಮ ಪ್ರಯೋಗಶಾಲೆಯ ಕತ್ತಲೆಕೋಣೆಯಲ್ಲಿ ಒಂದು ದೀಪ ಹಿಡಿದು ನೋಡುತ್ತೇವೆ, ವಿಷವಿದ್ದರೆ ನೀಲಿಯಾಗಿ ಹೊಳೆಯುತ್ತದೆ ಎಂದೂ ನೀನೇ ತಿಳಿಸಿದೆ. ನಾನು ಕಳಿಸಿದೆ. ಒಂದೂ ಹೊಳೆಯಲಿಲ್ಲ. ಹಿಂಡಿಯಲ್ಲಿ ದೋಷವಿಲ್ಲ, ಬೇರೆ ರೋಗವಿದೆಯೇ ನೋಡಿ ಎಂದು ನಿಮ್ಮ ದೊಡ್ಡವರು ಬರೆದರು. ನಾನು ಅದನ್ನು ಊರಿಗೆಲ್ಲ ಹೇಳಿ ಬಂದೆ. ಆಮೇಲೆ ಪೂವಮ್ಮನ ಕಪಿಲೆ ಸತ್ತಿತು. ಗುಡ್ಡೆಯಾಚೆಯ ಪೂವಮ್ಮ, ಅವಳಿಗೆ ಇದ್ದದ್ದು ಅದೊಂದೇ ಹಸು.

ಸುದ್ದಿ ಕೇಳಿ ಹೋದೆ. ಅಂಥ ದಿನವೂ ಅವಳು ಜಗಲಿಗೆ ಬೆಲ್ಲ ನೀರು ತಂದಿಟ್ಟಳು. ಹಿಂಡಿ ಇನ್ನೂ ಉಳಿದಿದ್ದರೆ ಸ್ವಲ್ಪ ಕೊಡು, ಮತ್ತೊಮ್ಮೆ ಕಳಿಸೋಣ ಎಂದೆ. "ನಿಲ್ಲಿ ಭಟ್ರೆ, ಕೊಡ್ತೇನೆ" ಎಂದು ಹಿಂಡಿ ಸುರಿದ ಗೆರಸೆ ತಂದು ಕೂತಳು. ಬೂಷ್ಟು ಹಿಡಿದ ತುಂಡುಗಳನ್ನು ಬದಿಗಿಟ್ಟು, ಒಳ್ಳೆಯವನ್ನು ಸೆರಗಿನಿಂದ ಒರೆಸತೊಡಗಿದಳು.

"ಅಯ್ಯೋ, ಎಂತ ಮಾಡುದು ಪೂವಮ್ಮ ನೀನು?"

"ಎಂತ ಅಂದ್ರೆ? ಇದು ಮೈಸೂರಿಗೆ ಹೋಗುದಲ್ವಾ? ಬೂಷ್ಟು ಹಿಡಿದದ್ದು ಕಳಿಸಿದ್ರೆ, ಪೂವಮ್ಮನ ಮನೆಯಲ್ಲಿ ಇಂಥದ್ದಾ ಇರುದು ಅಂತ ನಿಮ್ಮ ಮಗಳು ಹೇಳ್ಲಿಕ್ಕಿಲ್ವಾ?"

"ಕಳೆದ ಸಲವೂ ಹೀಗೇ ಆರಿಸಿ ಕೊಟ್ಟದ್ದಾ?"

"ಮತ್ತೆ? ಕೇಳಿಕೊಂಡು ಬಂದವರಿಗೆ ಹಾಳಾದ್ದು ಕೊಡುದುಂಟಾ ಮಾರಾಯ್ರೆ?"

"ಈ ಬದಿಗಿಟ್ಟದ್ದು ಎಂತ ಮಾಡ್ತಿ?"

"ಅದನ್ನು ಬಿಸಾಡ್ಲಿಕ್ಕಾಗ್ತದಾ? ದನಕ್ಕೆ..." ಎಂದವಳು ಕಪಿಲೆಯಿಲ್ಲದ ಹಟ್ಟಿಯ ಕಡೆ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಬೆಲ್ಲ ತಿಂದು ನೀರು ಕುಡಿದೆ.

ಮರುದಿನ ಮತ್ತೆ ಮನೆಮನೆಗೆ ಹೋಗಿ ಕೇಳಿದೆ. ಎಲ್ಲ ಕಡೆಯೂ ಅದೇ ಕಥೆ! ಒಬ್ಬರು ತೊಳೆದು ಒಣಗಿಸಿ ಕೊಟ್ಟಿದ್ದರು. ಜತ್ತಪ್ಪನಂತೂ ತನ್ನ ಮನೆಯದ್ದು ಚೆಂದ ಇಲ್ಲವೆಂದು ನೆರೆಮನೆಯಿಂದ ಕಡ ತಂದು ಕೊಟ್ಟಿದ್ದನಂತೆ! ನಗಬೇಕೋ ಅಳಬೇಕೋ ನೀನೇ ಹೇಳು. ನೀವು ಅಲ್ಲಿ ದೀಪ ಹಿಡಿದು ನೋಡಿದ್ದು ನಮ್ಮ ಊರಿನ ಮರ್ಯಾದೆಯನ್ನು, ದನ ತಿಂದದ್ದನ್ನಲ್ಲ.

ಈ ಸಲ ಯಾರೂ ಆರಿಸದ ಹಾಗೆ ನಾನೇ ನಿಂತು ಗೋಣಿಯ ಅಡಿಯಿಂದ, ಹಟ್ಟಿಯ ಮೂಲೆಯಿಂದ ತೆಗೆದಿದ್ದೇನೆ. ಕೆಲವರಿಗೆ ಸಿಟ್ಟು ಬಂತು. ಮೈಸೂರಿನಿಂದ ಉತ್ತರ ಬರುವವರೆಗೆ ದನಕ್ಕೆ ಹಿಂಡಿ ಹಾಕಬೇಡಿ ಎಂದರೆ, "ಹಾಲು ಕಡಿಮೆ ಆದ್ರೆ ಭಟ್ರು ಕರೆದು ಕೊಡ್ತಾರಾ?" ಎಂದು ಜತ್ತಪ್ಪ ಕೇಳಿದ. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಹೇಳಿ ಹೇಳಿ ಸಾಕಾಗಿದೆ ಮಗಳೇ, ನಿಜವಾಗಿ ದಣಿದಿದ್ದೇನೆ. ಪೊಟ್ಟಣಗಳ ಮೇಲೆ ಆಯಾ ಮನೆಯವರ ಹೆಸರು ಬರೆದಿದ್ದೇನೆ, ಬೇಗ ನೋಡಿಸು.

ಹೊತ್ತಿಗೆ ಸರಿಯಾಗಿ ಉಣ್ಣು. ಆ ದೀಪ ನೋಡಿ ನೋಡಿ ಕಣ್ಣು ಕೆಡಿಸಿಕೊಳ್ಳಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ವೆಂಕಟ್ರಮಣ

ತಾ.ಕ.: ಹೆಸರು ಬರೆಯದ ಒಂದು ಪೊಟ್ಟಣವೂ ಇದೆ. ಅದರಲ್ಲಿರುವುದು ಹಿಂಡಿಯಲ್ಲ, ಮುರುಟಿದ ನೆಲಗಡಲೆ. ಇವತ್ತು ಪೂವಮ್ಮನ ಗೆರಸೆ ನೆನಪಾಗಿ ಅಮ್ಮನನ್ನು ಕೇಳಿದೆ, ಮಗಳ ಮಿಠಾಯಿಗೆ ಆರಿಸಿ ಉಳಿದ ಕಡಲೆ ಎಲ್ಲಿ ಹೋಗುತ್ತದೆ ಎಂದು. ಅಡುಗೆಮನೆಯ ಡಬ್ಬಿ ತೋರಿಸಿದಳು. ಮಳೆಗಾಲವಿಡೀ ಅದನ್ನೇ ಹುರಿದು ಕಾಫಿಯ ಜೊತೆ ತಿಂದಿದ್ದಾಳೆ. "ಬಿಸಾಡ್ಲಿಕ್ಕೆ ಮನಸ್ಸು ಬರುದಿಲ್ಲ" ಎಂದಳು. ಅಂಗಳದ ಬೆಳಕಿಗೆ ಕರೆದು ನೋಡಿದೆ. ಅವಳ ಕಣ್ಣು ಹಳದಿಯಾಗಿದೆ. ಊರಿನ ದನಗಳ ಕಣ್ಣನ್ನೆಲ್ಲ ಬಿಡಿಸಿ ನೋಡುವವನು ನಾನು. ನಾಳೆ ಪುತ್ತೂರಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಎಲ್ಲಕ್ಕಿಂತ ಮೊದಲು ಆ ಪೊಟ್ಟಣ ನೋಡು. ನೀಲಿ ಕಂಡರೆ ಮನೆಗೆ ಬರೆಯಬೇಡ, ದನದ ಆಸ್ಪತ್ರೆಯ ವಿಳಾಸಕ್ಕೆ ಬರೆ. ಅಮ್ಮನಿಗೆ, ಮಿಠಾಯಿ ಚೆನ್ನಾಗಿತ್ತು ಎಂದಷ್ಟೇ ಬರೆ. ಹೆದರದೆ ತಿನ್ನು, ಅದರಲ್ಲಿ ಒಂದು ಕಾಳೂ ಕೆಟ್ಟದ್ದಿಲ್ಲ.